ಇಪ್ಪತ್ತು ಗಂಟೆಗೆ ಒಂದು ದಿನ: ಹ್ಯಾಮ್‌ಸ್ಟರ್ ಕಣ್ಣಿನ ಪ್ರಕರಣ

1980ರ ದಶಕದಲ್ಲಿ ಅಮೆರಿಕದ ಒಂದು ಪ್ರಯೋಗಾಲಯಕ್ಕೆ ಹ್ಯಾಮ್‌ಸ್ಟರ್‌ಗಳ ಹೊಸ ತಂಡ ಬಂತು. ಹ್ಯಾಮ್‌ಸ್ಟರ್ ಅಂದರೆ ಇಲಿಯ ಬಳಗದ ಪುಟ್ಟ ಪ್ರಾಣಿ. ಮೋಟು ಬಾಲ, ಕಾಳು ತುಂಬಿಕೊಳ್ಳುವ ಚೀಲದಂಥ ಕೆನ್ನೆ. ಇದರ ತವರು ಸಿರಿಯಾ. ಓಡಾಡುವುದೆಲ್ಲ ಇರುಳಲ್ಲಿ. ಪಂಜರದೊಳಗೆ ಒಂದು ಚಕ್ರ ಇಟ್ಟರೆ ಸಾಕು, ಕತ್ತಲಾದ ಕೂಡಲೇ ಹತ್ತಿ ಓಡಲು ಶುರು ಮಾಡುತ್ತದೆ.

ಸಂಜೆ ಮುಂಜಾವು ಏನೂ ಗೊತ್ತಾಗದ ಹಾಗೆ ಪೂರ್ತಿ ಕತ್ತಲ ಕೋಣೆಯಲ್ಲಿಟ್ಟರೂ ಅದು ಹೊತ್ತು ತಪ್ಪುವುದಿಲ್ಲ. ಹೆಚ್ಚು ಕಡಿಮೆ 24 ಗಂಟೆಗೊಮ್ಮೆ ಎದ್ದು ಚಕ್ರ ಹತ್ತುತ್ತದೆ. ಆ ತಂಡದ ಒಂದು ಗಂಡು ಮಾತ್ರ 22 ಗಂಟೆಗೇ ಏಳುತ್ತಿತ್ತು. ಇವತ್ತು ಎರಡು ಗಂಟೆ ಮುಂಚೆ, ನಾಳೆ ನಾಲ್ಕು ಗಂಟೆ ಮುಂಚೆ, ನಾಡಿದ್ದು ಆರು.

ಅಳತೆಯಲ್ಲಿ ಏನೋ ತಪ್ಪಾಗಿದೆ ಅಂತ ಅದನ್ನು ಪಕ್ಕಕ್ಕಿಡಬಹುದಿತ್ತು. ಸಂಶೋಧಕ ಮಾರ್ಟಿನ್ ರಾಲ್ಫ್ ಮತ್ತು ಅವರ ಗುರು ಮೈಕೆಲ್ ಮೆನೇಕರ್ ಹಾಗೆ ಮಾಡಲಿಲ್ಲ. ಆ ಗಂಡಿನಿಂದ ಮರಿ ಮಾಡಿಸಿದರು. ಮರಿಗಳಲ್ಲಿ ಸುಮಾರು ಅರ್ಧಕ್ಕೆ 22 ಗಂಟೆಯ ದಿನ. ಆ ಮರಿಗಳನ್ನೇ ಒಂದಕ್ಕೊಂದು ಕೂಡಿಸಿದಾಗ ಕೆಲವು ಮರಿಗಳಿಗೆ 20 ಗಂಟೆಯ ದಿನ ಬಂತು. ಇಷ್ಟಾದ ಮೇಲೆ ಅನುಮಾನ ಉಳಿಯಲಿಲ್ಲ. ಒಂದೇ ಒಂದು ಜೀನ್ ಬದಲಾಗಿತ್ತು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೆ ಎರಡು ಗಂಟೆ ಕಡಿಮೆ, ಇಬ್ಬರಿಂದಲೂ ಬಂದರೆ ನಾಲ್ಕು ಗಂಟೆ ಕಡಿಮೆ. ಈ ಮ್ಯುಟೇಶನ್‌ಗೆ ಅವರು ಟೌ ಅಂತ ಹೆಸರಿಟ್ಟು 1988ರಲ್ಲಿ ಪ್ರಕಟಿಸಿದರು.

ಇದಾಗಿ ಎಂಟು ವರ್ಷಕ್ಕೆ ಇದೇ ಟೌ ಹ್ಯಾಮ್‌ಸ್ಟರ್, ಕಣ್ಣಿನ ಬಗ್ಗೆ ನಮಗಿದ್ದ ತಿಳಿವಳಿಕೆಯನ್ನೇ ತಿದ್ದಿತು. ನಾನು ಇಲ್ಲಿ ಹೇಳಹೊರಟಿರುವುದು ಅದನ್ನೇ. ಹೊರಗಿನ ಬೆಳಕನ್ನು ಮಿದುಳಿಗೆ ದಾಟಿಸುವುದಷ್ಟೇ ಕಣ್ಣಿನ ಕೆಲಸ ಅಂತ ನಾವು ಶಾಲೆಯಲ್ಲಿ ಕಲಿತೆವು. ಆದರೆ ಕಣ್ಣಿಗೆ ತನ್ನದೇ ಹಗಲು, ತನ್ನದೇ ಇರುಳು ಇದೆ. ಅದು ತನ್ನ ಇರುಳನ್ನು ಒಂದು ಹಾರ್ಮೋನಿನಿಂದ ತಾನೇ ಮಾಡಿಕೊಳ್ಳುತ್ತದೆ.

ಯಜಮಾನ ಮಿದುಳಲ್ಲಿ ಅಂತ ಎಲ್ಲರೂ ಒಪ್ಪಿದ್ದರು

ಮೈಯೊಳಗಿನ ಗಡಿಯಾರ ಎಲ್ಲಿದೆ ಅನ್ನುವುದು 1972ರಲ್ಲಿ ಗೊತ್ತಾಗಿತ್ತು. ಎರಡು ಕಣ್ಣುಗಳಿಂದ ಹೊರಟ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟುತ್ತವೆ. ಆ ಅಡ್ಡಹಾದಿಯ ಸರಿಯಾಗಿ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಕೋಶಗಳ ಗುಂಪು ಎರಡಿದೆ. ಹೆಸರು ಉದ್ದ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಸುಲಭಕ್ಕೆ ಎಸ್‌ಸಿಎನ್ ಅನ್ನೋಣ. ಇದನ್ನು ನಾಶ ಮಾಡಿದರೆ ಪ್ರಾಣಿ ಯಾವಾಗಂದರೆ ಆವಾಗ ಮಲಗುತ್ತದೆ, ಯಾವಾಗಂದರೆ ಆವಾಗ ಏಳುತ್ತದೆ.

1990ರಲ್ಲಿ ಮೆನೇಕರ್ ತಂಡ ಟೌ ಹ್ಯಾಮ್‌ಸ್ಟರ್ ಹಿಡಿದುಕೊಂಡು ಇದಕ್ಕೆ ಮುದ್ರೆ ಒತ್ತಿತು. ಮಾಮೂಲಿ ಹ್ಯಾಮ್‌ಸ್ಟರ್‌ನ ಎಸ್‌ಸಿಎನ್ ಅನ್ನು ಇಲ್ಲವಾಗಿಸಿದರು. ಅದರ ದಿನಚರಿ ಚೆದುರಿಹೋಯಿತು. ಆಮೇಲೆ ಟೌ ಭ್ರೂಣದಿಂದ ಅದೇ ತುಣುಕನ್ನು ತಂದು ಕಸಿ ಮಾಡಿದರು. ದಿನಚರಿ ಮರಳಿತು. ಮರಳಿದ್ದು ಅದರ ಹಳೆಯ 24 ಗಂಟೆಯ ದಿನಚರಿಯಾಗಿರಲಿಲ್ಲ, ತುಣುಕು ಕೊಟ್ಟ ಭ್ರೂಣದ 20 ಗಂಟೆಯದಾಗಿತ್ತು. ಗಡಿಯಾರ ಯಾರದೋ ಹೊತ್ತು ಅವರದು.

ಇಂಥ ಸಾಕ್ಷಿ ಸಿಕ್ಕ ಮೇಲೆ, ಸಸ್ತನಿಗಳಲ್ಲಿ ಗಡಿಯಾರ ಒಂದೇ, ಅದು ಎಸ್‌ಸಿಎನ್, ಉಳಿದ ಅಂಗಗಳೆಲ್ಲ ಅದು ಹೇಳಿದ ಹಾಗೆ ಕೇಳುತ್ತವೆ ಅಂತ ಹೆಚ್ಚಿನವರು ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ. ಕಣ್ಣನ್ನು ಈ ಯಜಮಾನನಿಗೆ ಬೆಳಕು ತೋರಿಸುವ ಕಿಟಕಿ ಅಂತ ಎಣಿಸಿದ್ದರು.

ಕಪ್ಪೆ ಮೊದಲೇ ಸುಳಿವು ಕೊಟ್ಟಿತ್ತು

ಈ ಪ್ರಕರಣದ ಹಾರ್ಮೋನ್ ಮೆಲಟೋನಿನ್. ಅದರ ಕಥೆಯಲ್ಲಿ ಕಪ್ಪೆಗಳು ಮತ್ತೆ ಮತ್ತೆ ಬರುತ್ತವೆ.

ಮಿದುಳಿನ ನಡುವೆ ಪೀನಿಯಲ್ ಅಂತ ಒಂದು ಪುಟ್ಟ ಗ್ರಂಥಿ ಇದೆ. 1917ರಲ್ಲಿ ಮೆಕಾರ್ಡ್ ಮತ್ತು ಆಲೆನ್ ಎಂಬ ಇಬ್ಬರು ದನದ ಪೀನಿಯಲ್ ಗ್ರಂಥಿಯನ್ನು ಗೊದಮೊಟ್ಟೆಗಳಿಗೆ ತಿನ್ನಿಸಿದರು. ಅವುಗಳ ಮೈಬಣ್ಣ ತಿಳಿಯಾಯಿತು. ಈ ಗುಣ ಗ್ರಂಥಿಯ ಯಾವ ವಸ್ತುವಿನದು ಅಂತ ಗೊತ್ತಾಗಲು ನಾಲ್ಕು ದಶಕ ಬೇಕಾಯಿತು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಏರನ್ ಲರ್ನರ್ ರಾಶಿ ರಾಶಿ ದನದ ಗ್ರಂಥಿಗಳಿಂದ ಅದನ್ನು ಬೇರ್ಪಡಿಸಿ ಮೆಲಟೋನಿನ್ ಅಂತ ಕರೆದರು. ಅವರು ಹುಡುಕುತ್ತಿದ್ದದ್ದು ಚರ್ಮದ ಬಣ್ಣದ ಗುಟ್ಟು. ಸಿಕ್ಕಿದ್ದು ಇರುಳಿನ ಹಾರ್ಮೋನ್.

ಇದು ಹೇಗೆ ತಯಾರಾಗುತ್ತದೆ ಅನ್ನುವುದನ್ನು ಸ್ವಲ್ಪ ಹೇಳಲೇಬೇಕು. ನಾವು ತಿನ್ನುವ ಪ್ರೋಟೀನಿನಲ್ಲಿ ಟ್ರಿಪ್ಟೋಫ್ಯಾನ್ ಇರುತ್ತದೆ. ಮೈ ಅದರಿಂದ ಸೆರಟೋನಿನ್ ಮಾಡುತ್ತದೆ. ಸೆರಟೋನಿನ್ ಎರಡು ಹಂತ ದಾಟಿ ಮೆಲಟೋನಿನ್ ಆಗುತ್ತದೆ. ಆ ಎರಡರಲ್ಲಿ ಮೊದಲನೆಯದನ್ನು ನಡೆಸುವ ಕಿಣ್ವದ ಹೆಸರು ಎನ್‌ಎಟಿ. ರಾತ್ರಿ ಈ ಕಿಣ್ವ ಏರುತ್ತದೆ, ಹಗಲು ಇಳಿಯುತ್ತದೆ. ರಾತ್ರಿ ಕಣ್ಣಿಗೆ ಜೋರು ಬೆಳಕು ಬಿದ್ದರೆ ಮೆಲಟೋನಿನ್ ಕೂಡಲೇ ಕುಸಿಯುತ್ತದೆ. ಮನುಷ್ಯರಲ್ಲೂ ಹೀಗೇ ಆಗುತ್ತದೆ ಅಂತ 1980ರಲ್ಲಿ ಆಲ್ಫ್ರೆಡ್ ಲೂಯಿ ತೋರಿಸಿದರು. ಅವರು ಬಳಸಿದ ಬೆಳಕು 2500 ಲಕ್ಸ್, ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಇಷ್ಟೂ ಪೀನಿಯಲ್ ಗ್ರಂಥಿಯ ವಿಷಯ. ಆದರೆ ಅದೇ ಎನ್‌ಎಟಿ ಕಣ್ಣಿನ ರೆಟಿನಾದಲ್ಲೂ ಸಿಕ್ಕಿತ್ತು. ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ, ಬೆಳಕನ್ನು ಹಿಡಿಯುವ ತೆಳ್ಳಗಿನ ಪದರವೇ ರೆಟಿನಾ. ಅಲ್ಲಿ ಈ ಕಿಣ್ವಕ್ಕೆ ಏನು ಕೆಲಸ?

1983ರಲ್ಲಿ ಜೋಸೆಫ್ ಬೆಶಾರ್ಸ್ ಮತ್ತು ಮೈಕೆಲ್ ಯುವೋನ್ ಆಫ್ರಿಕಾದ ಝೆನೊಪಸ್ ಕಪ್ಪೆಯ ಕಣ್ಣು ತೆಗೆದುಕೊಂಡರು. ಮುಂಭಾಗ ಕತ್ತರಿಸಿ, ಹಿಂದಿನ ಬಟ್ಟಲಿನಂಥ ಭಾಗವನ್ನು ಪೋಷಕ ದ್ರಾವಣದಲ್ಲಿ ಇಟ್ಟರು. ಮಿದುಳಿನ ನಂಟಿಲ್ಲ, ರಕ್ತವೂ ಇಲ್ಲ, ಸುತ್ತ ಕತ್ತಲು. ಆದರೂ ಎನ್‌ಎಟಿ ಕಪ್ಪೆಯ ರಾತ್ರಿಯಲ್ಲಿ ಏರಿತು, ಹಗಲಲ್ಲಿ ಇಳಿಯಿತು. ಆ ಕಣ್ಣೊಳಗೆ ಒಂದು ಗಡಿಯಾರ ಇತ್ತು. ಹತ್ತು ವರ್ಷದ ಮೇಲೆ, 1993ರಲ್ಲಿ, ಗ್ರೆಗರಿ ಕೇಹಿಲ್ ಮತ್ತು ಬೆಶಾರ್ಸ್ ಆ ಗಡಿಯಾರ ಬೆಳಕು ಹಿಡಿಯುವ ಕೋಶಗಳಲ್ಲೇ ಇದೆ ಅಂತ ಖಚಿತ ಮಾಡಿದರು.

ಕಪ್ಪೆಗೆ ಸರಿ, ಸಸ್ತನಿಗೆ? ಇಲ್ಲಿ ಅನುಮಾನ ಬಲವಾಗಿತ್ತು. ಪೀನಿಯಲ್ ತೆಗೆದರೆ ಸಸ್ತನಿಯ ರಕ್ತದಲ್ಲಿ ಮೆಲಟೋನಿನ್ ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಕಣ್ಣಲ್ಲಿ ಸಿಗುವ ಅಷ್ಟಿಷ್ಟು ಮೆಲಟೋನಿನ್ ಗಮನಕ್ಕೆ ತರುವಷ್ಟಿಲ್ಲ ಅಂತ ಅನ್ನಿಸುವುದು ಸಹಜ. ಅದು ಹೊರಗೆ ಹರಿಯದೆ ಕಣ್ಣೊಳಗೇ ಖರ್ಚಾಗುತ್ತಿರಬಹುದಲ್ವಾ ಅನ್ನುವ ಪ್ರಶ್ನೆಗೆ ಉತ್ತರ ಇನ್ನೂ ಬರಬೇಕಿತ್ತು.

ಬಟ್ಟಲಲ್ಲಿ ಐದು ದಿನ

ಉತ್ತರ ಬಂದಿದ್ದು ವರ್ಜೀನಿಯಾ ವಿಶ್ವವಿದ್ಯಾಲಯದ ಮೆನೇಕರ್ ಪ್ರಯೋಗಾಲಯದಿಂದ, 1996ರಲ್ಲಿ. ಪ್ರಯೋಗ ಮಾಡಿದವರು ಜಿಯಾನ್‌ಲೂಕಾ ತೋಸಿನಿ. ಸೈನ್ಸ್ ಪತ್ರಿಕೆಯಲ್ಲಿ ಬಂದ ಲೇಖನ ಮೂರೇ ಪುಟ. ಅದರ ಕಟ್ಟುಮಸ್ತು ನನಗೆ ತುಂಬ ಇಷ್ಟ. ಒಂದೊಂದು ಹೆಜ್ಜೆಯೂ ಒಂದೊಂದು ಅನುಮಾನಕ್ಕೆ ಬಾಗಿಲು ಹಾಕುತ್ತದೆ. ಅದಕ್ಕೇ ಇಲ್ಲಿ ನಿಧಾನವಾಗಿ ಹೋಗುತ್ತೇನೆ.

ಮೊದಲು ಹ್ಯಾಮ್‌ಸ್ಟರ್‌ನ ರೆಟಿನಾವನ್ನು ಬಿಡಿಸಿ ತೆಗೆದು, ಮೈಯಿಂದ ಹೊರಗೆ ಪೋಷಕ ದ್ರಾವಣದಲ್ಲಿ ಸಾಕಿದರು. ಇದರಿಂದ ಎಸ್‌ಸಿಎನ್‌ನ ಮಾತು ನಿಂತಿತು. ಪೀನಿಯಲ್ಲಿನ ಹಾರ್ಮೋನ್ ಕೂಡ ಬರುವ ದಾರಿ ಇಲ್ಲ. ಈಗ ಸಿಗುವ ಮೆಲಟೋನಿನ್ ಏನಿದ್ದರೂ ಆ ರೆಟಿನಾದ್ದೇ.

ಉಷ್ಣತೆ 27 ಡಿಗ್ರಿ ಸೆಲ್ಸಿಯಸ್. ಹ್ಯಾಮ್‌ಸ್ಟರ್‌ನ ಮೈ ಇದಕ್ಕಿಂತ ಹತ್ತು ಡಿಗ್ರಿ ಬಿಸಿ. ಸಸ್ತನಿಯ ರೆಟಿನಾ ತುಂಬ ನಾಜೂಕು. ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು, ಕೆಡುವುದೂ ಬೇಗ. ತಂಪಲ್ಲಿಟ್ಟರೆ ಹಸಿವು ಕಡಿಮೆ, ಬಾಳಿಕೆ ಜಾಸ್ತಿ. ಹೀಗಾಗಿ ದಿನಗಟ್ಟಲೆ ಅಳೆಯಲು ಸಾಧ್ಯವಾಯಿತು.

ಆಮೇಲೆ ದ್ರಾವಣದಲ್ಲಿರುವ ಮೆಲಟೋನಿನ್ ಎಷ್ಟು ಅಂತ ಹೊತ್ತುಹೊತ್ತಿಗೆ ಅಳೆದರು. ಅದು ಏರಿತು. ಇಳಿಯಿತು. ಮತ್ತೆ ಏರಿತು. ಕತ್ತಲಲ್ಲೇ ಇಟ್ಟಿದ್ದರೂ ಈ ಏರಿಳಿತ ಕಡಿಮೆಯೆಂದರೆ ಐದು ದಿನ ನಡೆಯಿತು. ಒಂದು ಸಲ ಏರಿ ಇಳಿದಿದ್ದರೆ ಅದು ಪ್ರಾಣಿಯ ಮೈಯಲ್ಲಿದ್ದಾಗಿನ ಹಳೆಯ ನೆನಪು ಅನ್ನಬಹುದಿತ್ತು. ಗಂಟೆ ಬಾರಿಸಿದ ಮೇಲೆ ಸ್ವಲ್ಪ ಹೊತ್ತು ನಾದ ಉಳಿಯುತ್ತದಲ್ಲ, ಹಾಗೆ. ಐದು ದಿನ ಉಳಿಯಬೇಕಾದರೆ ಒಳಗೆ ಯಾರೋ ಗಂಟೆ ಬಾರಿಸುತ್ತಲೇ ಇರಬೇಕು.

ಮುಂದಿನ ಪ್ರಶ್ನೆ, ಈ ಗಡಿಯಾರಕ್ಕೆ ಹೊತ್ತು ತಿದ್ದಿಕೊಳ್ಳಲು ಬರುತ್ತದೆಯೇ? ಸಸ್ತನಿಯಲ್ಲಿ ಎಸ್‌ಸಿಎನ್‌ಗೆ ಬೆಳಕಿನ ಸುದ್ದಿ ಕಣ್ಣಿನಿಂದಲೇ ಹೋಗಬೇಕು. ರೆಟಿನಾಗೆ ಅಂಥ ದೂತರು ಬೇಡ. ಬಟ್ಟಲಲ್ಲಿದ್ದ ರೆಟಿನಾಗೆ ನೇರವಾಗಿ ಬೆಳಕು ಕತ್ತಲೆಯ ಸರದಿ ಕೊಟ್ಟರು. ಅದರ ಮೆಲಟೋನಿನ್ ಆ ಸರದಿಗೆ ಹೊಂದಿಕೊಂಡಿತು. ಅಂದರೆ ಬೆಳಕು ನೋಡುವುದು, ಹೊತ್ತು ಎಣಿಸುವುದು, ತಪ್ಪಿದರೆ ತಿದ್ದಿಕೊಳ್ಳುವುದು, ಈ ಮೂರೂ ಕೆಲಸ ಕಾಗದದಷ್ಟು ತೆಳುವಾದ ಆ ಒಂದು ಪದರದಲ್ಲೇ ಇದೆ.

ಕೊನೆಗೆ ಟೌ ಬಂತು. ಎರಡೂ ಕಡೆಯಿಂದ ಟೌ ಪಡೆದ ಹ್ಯಾಮ್‌ಸ್ಟರ್‌ಗಳ ರೆಟಿನಾವನ್ನು ಅದೇ ಥರ ಸಾಕಿದರು. ಅವುಗಳ ಮೆಲಟೋನಿನ್ ಅಲೆ 24 ಗಂಟೆ ಕಾಯಲಿಲ್ಲ. ಚಕ್ರ ಓಡುವ ದಿನ ಹೇಗೆ ಚಿಕ್ಕದಾಗಿತ್ತೋ ರೆಟಿನಾದ ದಿನವೂ ಹಾಗೇ ಚಿಕ್ಕದಾಗಿತ್ತು.

ಇದು ಯಾಕೆ ಅಷ್ಟು ಮುಖ್ಯ? ಲಯ ಕಂಡರೆ ಸಾಲದು. ಪ್ರಯೋಗಾಲಯದಲ್ಲಿ 24 ಗಂಟೆಗೊಮ್ಮೆ ಏರಿಳಿಯುವುದು ಬೇಕಾದಷ್ಟಿರುತ್ತದೆ. ಕೋಣೆಯ ಬಿಸಿ, ಜನರ ಓಡಾಟ, ಕರೆಂಟಿನ ಒತ್ತಡ, ಇವೆಲ್ಲ ನಮಗೆ ಗೊತ್ತಿಲ್ಲದೆ ಅಳತೆಯೊಳಗೆ ನುಸುಳಬಹುದು. ಆದರೆ 20 ಗಂಟೆಗೊಮ್ಮೆ ಬರುವುದು ಈ ಭೂಮಿಯ ಮೇಲೆ ಏನೂ ಇಲ್ಲ. ಆ ಅಲೆ ಹೊರಗಿನಿಂದ ಬಂದಿರಲು ಸಾಧ್ಯವೇ ಇಲ್ಲ. ಆ ಕೋಶಗಳ ಜೀನ್‌ನಿಂದಲೇ ಬಂದಿರಬೇಕು. ಎಂಟು ವರ್ಷದ ಹಿಂದೆ ಆ ಒಂದು ಗಂಡನ್ನು ಬಿಟ್ಟಿದ್ದರೆ ಈ ಸಾಕ್ಷಿ ಇಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ.

ಸಸ್ತನಿಯಲ್ಲಿ ಮಿದುಳಿನ ಎಸ್‌ಸಿಎನ್ ಬಿಟ್ಟು ಬೇರೆ ಕಡೆ ಗಡಿಯಾರ ಇದೆ ಅಂತ ಹೀಗೆ ನಿಚ್ಚಳವಾಗಿ ಕಂಡಿದ್ದು ಅದೇ ಮೊದಲು. ಮುಂದೆ ಪಿತ್ತಜನಕಾಂಗ, ಶ್ವಾಸಕೋಶ ಹೀಗೆ ಒಂದೊಂದರಲ್ಲೂ ಗಡಿಯಾರ ಸಿಕ್ಕಿತು. ದಾರಿ ತೆರೆದದ್ದು ಕಣ್ಣು.

ಇರುಳಿನ ಮಾತು, ಹಗಲಿನ ಮಾತು

ಗಡಿಯಾರ ಇದ್ದರೆ ಸಾಲದು, ಮುಳ್ಳು ಬೇಕು. ಹೊತ್ತು ಎಷ್ಟಾಯಿತು ಅಂತ ಸುತ್ತಲಿನ ಕೋಶಗಳಿಗೆ ತೋರಿಸಬೇಕು. ರೆಟಿನಾದಲ್ಲಿ ಆ ಕೆಲಸ ಎರಡು ವಸ್ತುಗಳದ್ದು. ಇರುಳಿಗೆ ಮೆಲಟೋನಿನ್, ಹಗಲಿಗೆ ಡೋಪಮೈನ್.

ಡೋಪಮೈನ್ ಅಂದರೆ ಖುಷಿ ಕೊಡುವ ಮಿದುಳಿನ ರಾಸಾಯನಿಕ ಅಂತ ಎಲ್ಲರೂ ಕೇಳಿರುತ್ತಾರೆ. ರೆಟಿನಾದಲ್ಲಿ ಅದು ಬೆಳಕಿನ ಸುದ್ದಿಗಾರ. ಅಮಾಕ್ರಿನ್ ಎಂಬ ಕೋಶಗಳಲ್ಲಿ ಕೆಲವು, ಬೆಳಕಾದರೆ ಡೋಪಮೈನ್ ಬಿಡುತ್ತವೆ. ಅದು ಹಾರ್ಮೋನಿನ ಹಾಗೇ ಸುತ್ತಲಿನ ಪದರಗಳಿಗೆ ಹರಡುತ್ತದೆ. 1983ರಲ್ಲಿ ಮಾರ್ಗರಿಟಾ ಡುಬೊಕೊವಿಚ್ ಮೊಲದ ರೆಟಿನಾದಲ್ಲಿ ಒಂದು ಸಂಗತಿ ಕಂಡರು. ತೀರಾ ಕಡಿಮೆ ಮೆಲಟೋನಿನ್ ಸೇರಿಸಿದರೂ ಡೋಪಮೈನ್ ಬಿಡುಗಡೆ ಕುಗ್ಗುತ್ತದೆ. ಅತ್ತ ಡೋಪಮೈನ್ ಹೆಚ್ಚಾದಾಗ ಮೆಲಟೋನಿನ್ ತಯಾರಿ ಇಳಿಯುತ್ತದೆ. ಒಂದು ಬಂದರೆ ಇನ್ನೊಂದು ಸರಿಯುತ್ತದೆ. ನಡುವೆ ನಿಲ್ಲುವ ಸ್ಥಿತಿ ಇಲ್ಲ. ಹೀಗೆ ರೆಟಿನಾ ಒಂದೋ ಹಗಲಲ್ಲಿರುತ್ತದೆ, ಇಲ್ಲ ಇರುಳಲ್ಲಿರುತ್ತದೆ.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ರಾತ್ರಿ ಕರೆಂಟ್ ಹೋದಾಗ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು, ಕುರ್ಚಿ, ಗೋಡೆ ಮಸುಕಾಗಿ ಕಾಣುತ್ತವೆ. ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ಅದು ಕತ್ತಲು ಬಂದ ಮೇಲೆ ನಡೆಯುವ ಕೆಲಸ. ಗಡಿಯಾರದ ಕೆಲಸ ಬೇರೆ. ಅದು ಕತ್ತಲು ಬರುವ ಮುಂಚೆಯೇ ಕಣ್ಣನ್ನು ಅಣಿ ಮಾಡುತ್ತದೆ. ನೆಂಟರು ಬಂದ ಮೇಲೆ ಅಡುಗೆಗೆ ಓಡುವುದಕ್ಕೂ, ಬರುತ್ತಾರೆ ಅಂತ ಗೊತ್ತಿದ್ದು ಬೇಳೆ ಬೇಯಿಸಿ ಇಡುವುದಕ್ಕೂ ಇರುವ ವ್ಯತ್ಯಾಸ ಇದು.

ಈ ತಯಾರಿ ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದಕ್ಕೆ ಗೋಲ್ಡ್‌ಫಿಶ್ ಒಂದು ಸೊಗಸಾದ ಉದಾಹರಣೆ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳಲ್ಲಿ ಎರಡು ಬಗೆ. ಮಂದ ಬೆಳಕಿಗೆ ರಾಡ್‌ಗಳು, ಜೋರು ಬೆಳಕಿಗೆ ಮತ್ತು ಬಣ್ಣಕ್ಕೆ ಕೋನ್‌ಗಳು. ನಮ್ಮ ಒಂದೊಂದು ಕಣ್ಣಲ್ಲಿ ಸುಮಾರು 12 ಕೋಟಿ ರಾಡ್, 60 ಲಕ್ಷ ಕೋನ್ ಇವೆ. ಪಕ್ಕಪಕ್ಕದ ರಾಡ್ ಮತ್ತು ಕೋನ್‌ಗಳ ನಡುವೆ ಸಣ್ಣ ಸಂದಿನ ದಾರಿಗಳಿವೆ. 2008ರಲ್ಲಿ ಕ್ರಿಸ್ಟೋಫ್ ರಿಬೆಲೈಗಾ ಮತ್ತು ಸ್ಟುವರ್ಟ್ ಮ್ಯಾಂಗಲ್ ಅವರ ತಂಡ, ಗಡಿಯಾರ ಈ ದಾರಿಗಳನ್ನು ಹಗಲಲ್ಲಿ ಮುಚ್ಚುತ್ತದೆ, ಇರುಳಲ್ಲಿ ತೆರೆಯುತ್ತದೆ ಅಂತ ಕಂಡಿತು. ಮುಚ್ಚುವುದು ಡೋಪಮೈನ್. ಅದು ಇಳಿದ ಇರುಳಲ್ಲಿ ರಾಡ್‌ಗಳ ಮೆಲುದನಿ ಕೋನ್‌ಗಳಿಗೂ ಹರಿಯುತ್ತದೆ. ಬೆಳಕು ತೀರಾ ಕಡಿಮೆ ಇದ್ದಾಗ ಹೀಗೆ ಸೇರಿಕೊಳ್ಳುವುದರಿಂದ ಮಸುಕಾದ ದೊಡ್ಡ ಆಕಾರಗಳನ್ನು ಗುರುತಿಸುವುದು ಸುಲಭವಾಗುತ್ತದೆ. ಹಗಲಲ್ಲಿ ಹಾಗೆ ಬೆರೆತರೆ ಚಿತ್ರ ಕಲಸಿಹೋಗುತ್ತದೆ, ಅದಕ್ಕೇ ಮುಚ್ಚುತ್ತದೆ. ತಂತಿಗಳ ಜೋಡಣೆಯೇ ದಿನಕ್ಕೆ ಎರಡು ಸಲ ಬದಲಾದ ಹಾಗೆ.

ಇನ್ನೊಂದು ಕೆಲಸ ಮುಂಜಾನೆಯದು. ಇದನ್ನು ಓದುವಾಗ ನಿಮ್ಮ ಕಣ್ಣಲ್ಲೂ ಅದು ಇವತ್ತು ನಡೆದು ಹೋಗಿದೆ. ರಾಡ್ ಕೋಶದ ತುದಿಯಲ್ಲಿ ಹಪ್ಪಳ ಪೇರಿಸಿದ ಹಾಗೆ ಸಾವಿರದಷ್ಟು ಬಿಲ್ಲೆಗಳಿವೆ. ಬೆಳಕು ಹಿಡಿಯುವ ಬಣ್ಣ ಇರುವುದು ಅವುಗಳಲ್ಲೇ. ಬೆಳಕಿಗೆ ಒಡ್ಡಿಕೊಂಡು ಒಡ್ಡಿಕೊಂಡು ಅವು ಸವೆಯುತ್ತವೆ. ಬುಡದಲ್ಲಿ ಹೊಸ ಬಿಲ್ಲೆ ಹುಟ್ಟುತ್ತದೆ, ತುದಿಯಲ್ಲಿ ಹಳೆಯದು ಉದುರುತ್ತದೆ. ಸುಮಾರು ಹತ್ತು ದಿನಕ್ಕೆ ಇಡೀ ಅಟ್ಟಿ ಹೊಸದಾಗುತ್ತದೆ. ಉದುರಿದ್ದನ್ನು ಹಿಂದಿನ ಕಪ್ಪು ಪದರದ ಕೋಶಗಳು ನುಂಗಿ ಕರಗಿಸುತ್ತವೆ. 1976ರಲ್ಲಿ ಮ್ಯಾಥ್ಯೂ ಲವೇಲ್ ಇಲಿಗಳಲ್ಲಿ ನೋಡಿದ್ದೇನೆಂದರೆ, ಈ ಉದುರುವಿಕೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಬೆಳಗಾದ ಒಂದೆರಡು ಗಂಟೆಯೊಳಗೆ ಒಮ್ಮೆಗೇ ಏರುತ್ತದೆ. ಇಲಿಗಳನ್ನು ಕತ್ತಲಲ್ಲೇ ಇಟ್ಟರೂ ಬೆಳಗಿನ ಹೊತ್ತಿಗೆ ಏರಿತು. ಅಂಗಳ ಗುಡಿಸುವುದಕ್ಕೆ ಹೊತ್ತು ಗೊತ್ತಿದ್ದ ಹಾಗೆ.

ಹೊತ್ತಿಗೆ ಸರಿಯಾಗಿ ಗುಡಿಸದಿದ್ದರೆ? 2004ರಲ್ಲಿ ಎಮೆಲಿನ್ ನಾಂಡ್ರೋ ಮತ್ತು ಸಿಲ್ವಿಯಾ ಫಿನ್ನೆಮನ್ ಅವರ ತಂಡ ಇದಕ್ಕೆ ಉತ್ತರ ಕೊಟ್ಟಿತು. ಅವರು ಬಳಸಿದ ಇಲಿಗಳ ನುಂಗುವ ಕೋಶದಲ್ಲಿ ಒಂದು ಪ್ರೋಟೀನ್ ಇರಲಿಲ್ಲ. ನುಂಗುವುದು ನಿಂತಿರಲಿಲ್ಲ. ಬೆಳಗಿನ ಏರಿಕೆ ಮಾತ್ರ ಹೋಗಿತ್ತು. ವಯಸ್ಸಾಗುತ್ತಿದ್ದಂತೆ ಆ ಇಲಿಗಳ ದೃಷ್ಟಿ ಕುಂದಿತು. ಕಪ್ಪು ಪದರದಲ್ಲಿ ಕಸ ಶೇಖರವಾಗಿತ್ತು. ಕೆಲಸ ಮಾಡಿದರೆ ಸಾಲದು, ಹೊತ್ತಿಗೆ ಮಾಡಬೇಕು ಅನ್ನುವುದು ಕೋಶದ ಮಟ್ಟದಲ್ಲೂ ನಿಜ ಅಂತ ತಿಳಿದಾಗ ನಾನು ಸುಮ್ನೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಮೆಲಟೋನಿನ್ ಇಲ್ಲದ ಇಲಿಗಳು

ಪ್ರಕರಣದಲ್ಲಿ ಒಂದು ತೊಡಕೂ ಇದೆ. ಜೀನ್ ಪ್ರಯೋಗಗಳಿಗೆ ಎಲ್ಲರೂ ಬಳಸುವುದು ಸಿ57 ಎಂಬ ಕಪ್ಪು ಇಲಿಯ ತಳಿ. ಇದಕ್ಕೆ ಮೆಲಟೋನಿನ್ ಮಾಡಲು ಬರುವುದಿಲ್ಲ. ಮಾಡಬಲ್ಲ ಸಿ3ಎಚ್ ತಳಿಯಲ್ಲಿ ಇನ್ನೊಂದು ಕೊರತೆ. ಅದರ ರಾಡ್‌ಗಳು ಮರಿಯಿದ್ದಾಗಲೇ ಸಾಯುತ್ತವೆ, ಅದಕ್ಕೆ ಬೇರೊಂದು ಮ್ಯುಟೇಶನ್ ಕಾರಣ. ಆ ದೋಷ ತೆಗೆದ ಸಿ3ಎಚ್ ಇಲಿಗಳನ್ನು ಬೆಳೆಸಿದ ಮೇಲಷ್ಟೇ ಈ ಕೆಲಸ ಸಲೀಸಾಯಿತು.

ಆದರೆ ಆ ಕೊರತೆಯನ್ನೇ ಮೆನೇಕರ್ ಪ್ರಯೋಗಾಲಯ ಉಪಯೋಗಕ್ಕೆ ತಂದಿತು. ಮೆಲಟೋನಿನ್ ಇಲ್ಲದ ಇಲಿಯಲ್ಲಿ ಬಿಲ್ಲೆ ಉದುರುವ ಲಯ ಇದೆಯೇ ಅಂತ 1999ರಲ್ಲಿ ನೋಡಿದರು. ಇತ್ತು. ಹಾಗಾದರೆ ಬೆಳಗಿನ ಗುಡಿಸುವ ಕೆಲಸಕ್ಕೆ ಮೆಲಟೋನಿನ್ ಅನಿವಾರ್ಯವಲ್ಲ. ಗಡಿಯಾರ ಅದನ್ನು ಬೇರೆ ದಾರಿಯಿಂದಲೂ ನಡೆಸಬಲ್ಲದು.

2002ರಲ್ಲಿ ಡೋಪಮೈನ್ ನೋಡಿದರು. ಇಲ್ಲಿ ಉತ್ತರ ಬೇರೆಯಾಗಿತ್ತು. ಮೆಲಟೋನಿನ್ ಇಲ್ಲದ ಇಲಿಯನ್ನು ಕತ್ತಲಲ್ಲಿಟ್ಟಾಗ ಅದರ ರೆಟಿನಾದ ಡೋಪಮೈನ್‌ಗೆ ಲಯವೇ ಇರಲಿಲ್ಲ. ದಿನಾ ಒಂದೇ ಹೊತ್ತಿಗೆ ಹೊರಗಿನಿಂದ ಮೆಲಟೋನಿನ್ ಕೊಟ್ಟರು. ಡೋಪಮೈನ್ ಮತ್ತೆ ಏರಿಳಿಯತೊಡಗಿತು. ಹಾರ್ಮೋನ್ ಲಯವನ್ನು ನಡೆಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ? ಇಲ್ಲದಾಗ ಲಯ ಇಲ್ಲ, ಕೊಟ್ಟಾಗ ಬಂತು.

ನನ್ನ ಅಭಿಪ್ರಾಯದಲ್ಲಿ ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಒಂದನ್ನೇ ಓದಿದರೆ ಮೆಲಟೋನಿನ್ ಎಲ್ಲವೂ ಅನ್ನಿಸುತ್ತದೆ, ಇಲ್ಲವೇ ಏನೂ ಅಲ್ಲ ಅನ್ನಿಸುತ್ತದೆ. ಗಡಿಯಾರ ಜೀನ್‌ಗಳದ್ದು. ಮೆಲಟೋನಿನ್ ಅದರ ಒಂದು ಮುಳ್ಳು. ಕೆಲವು ಕೆಲಸಗಳು ಆ ಮುಳ್ಳು ನೋಡಿಕೊಂಡು ನಡೆಯುತ್ತವೆ, ಕೆಲವು ನೇರವಾಗಿ ಗಡಿಯಾರದ ಗಾಲಿಗೇ ಕಟ್ಟಿಕೊಂಡಿವೆ.

ತೋಸಿನಿ ಮುಂದೆ ಅಟ್ಲಾಂಟಾದ ಮೋರ್‌ಹೌಸ್ ವೈದ್ಯಕೀಯ ಕಾಲೇಜಿನಲ್ಲಿ ಇದೇ ಜಾಡು ಹಿಡಿದರು. ಮೆಲಟೋನಿನ್ ಬಂದು ಕೂರುವ ಎಂಟಿ1 ಎಂಬ ಗ್ರಾಹಕ ಪ್ರೋಟೀನ್ ಇಲ್ಲದ ಇಲಿಗಳನ್ನು ಅವರ ತಂಡ ನೋಡಿತು. ಅವುಗಳ ರೆಟಿನಾದ ವಿದ್ಯುತ್ ಸ್ಪಂದನದಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಅಳಿಸಿಹೋಗಿತ್ತು. ಮುಪ್ಪಿನಲ್ಲಿ ಬೆಳಕು ಹಿಡಿಯುವ ಕೋಶಗಳೂ ಕಡಿಮೆಯಾಗಿದ್ದವು. ಈ ವರದಿ 2009ರದ್ದು. ಎಂಟಿ1 ನಮ್ಮ ರೆಟಿನಾದಲ್ಲೂ ಇದೆ.

ಹಾಗಂತ ಮೆಲಟೋನಿನ್ ಮಾತ್ರೆ ಕಣ್ಣಿಗೆ ಒಳ್ಳೆಯದು ಅಂತ ತೀರ್ಮಾನಕ್ಕೆ ಹೋಗಬೇಡಿ. 1992ರಲ್ಲಿ ವೀಕ್‌ಮನ್ ಮತ್ತು ಓಸ್ಟೀನ್ ಬಿಳಿ ಇಲಿಗಳಿಗೆ ಮೆಲಟೋನಿನ್ ಕೊಟ್ಟು ಜೋರು ಬೆಳಕಿಗೆ ಒಡ್ಡಿದಾಗ, ಬೆಳಕಿನಿಂದಾಗುವ ಹಾನಿ ಜಾಸ್ತಿಯೇ ಆಯಿತು. ಇರುಳಿಗೆ ಅಂತ ಅಣಿಯಾದ ಕಣ್ಣಿಗೆ ನಡುಹಗಲಿನ ಬೆಳಕು ಬಿದ್ದಂತೆ. ಇದು ಇಲಿಯ ಫಲಿತಾಂಶ, ನಿಜ. ಆದರೂ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನಿದ್ದೆಗೆ ಅಂತ ಮಾತ್ರೆ ನುಂಗಿ, ಬಿಸಿಲಲ್ಲಿ ಮನೆಗೆ ಹೊರಡುವವರು ಹೊತ್ತಿನ ವಿಷಯವನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ಅದೇ ಕಣ್ಣಿನ ಮುಂಭಾಗ ಬೇರೆ ಮಾತು ಕೇಳುತ್ತದೆ

ರೆಟಿನಾ ಇಷ್ಟು ಸ್ವತಂತ್ರವಾಗಿದ್ದರೆ ಇಡೀ ಕಣ್ಣೇ ಹಾಗಿರಬೇಕು ಅನ್ನಿಸುತ್ತದೆ ಅಲ್ವಾ? ಹಾಗಿಲ್ಲ. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಒಸರುತ್ತಿರುತ್ತದೆ, ಸದಾ ಬಸಿಯುತ್ತಿರುತ್ತದೆ. ಕಣ್ಣಿನ ಒತ್ತಡ ಇದರ ಲೆಕ್ಕಾಚಾರ. ಒತ್ತಡಕ್ಕೂ ದಿನದ ಲಯ ಇದೆ. ಜಪಾನಿನ ಇಕೆಗಾಮಿ, ಮಸುಬುಚಿ ಮತ್ತು ಸಂಗಡಿಗರು 2020ರಲ್ಲಿ ಇಲಿಗಳಲ್ಲಿ ಈ ಲಯದ ಮೂಲ ಹುಡುಕಿದರು. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನ್ ಒಂದು ದಾರಿ, ಕುತ್ತಿಗೆಯಿಂದ ಕಣ್ಣಿಗೆ ಏರುವ ಸಿಂಪಥೆಟಿಕ್ ನರದ ನಾರ್‌ಅಡ್ರಿನಾಲಿನ್ ಇನ್ನೊಂದು ದಾರಿ. ಎರಡನ್ನೂ ಕಡಿದಾಗ ಒತ್ತಡದ ಲಯ ಹೋಯಿತು. ಇಲ್ಲಿ ಯಜಮಾನ ಮಿದುಳೇ, ಹಾರ್ಮೋನ್ ಅದರ ಓಲೆಕಾರ.

ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ರೋಗ ಇರುವವರಿಗೆ ಇದು ದಿನನಿತ್ಯದ ವಿಷಯ. ಮನುಷ್ಯರ ಕಣ್ಣಲ್ಲಿ ನೀರು ಒಸರುವುದು ನಿದ್ದೆಯಲ್ಲಿ ಹಗಲಿನ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೂ ರಾತ್ರಿ ಮಲಗಿದಾಗ ಒತ್ತಡ ಜಾಸ್ತಿ. ಮಲಗಿದರೆ ಕಣ್ಣಿನ ಸುತ್ತಲಿನ ರಕ್ತನಾಳಗಳ ಒತ್ತಡ ಏರಿ, ನೀರು ಬಸಿಯುವುದು ನಿಧಾನವಾಗುತ್ತದೆ. 1998ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಜಾನ್ ಲಿಯು ಮತ್ತು ರಾಬರ್ಟ್ ವೈನ್‌ರೆಬ್ ಅವರು ಜನರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿ ಇದನ್ನು ಅಳೆದರು. ಕ್ಲಿನಿಕ್ಕಿನಲ್ಲಿ ನಮ್ಮ ಒತ್ತಡ ಅಳೆಯುವುದು ಹಗಲಲ್ಲಿ, ಕೂತಾಗ. ಗ್ಲಾಕೋಮಾಗೆ ಕಣ್ಣಿಗೆ ಹಾಕುವ ಟಿಮೊಲಾಲ್ ಹನಿ ನೀರು ಒಸರುವುದನ್ನು ಕಡಿಮೆ ಮಾಡುತ್ತದೆ. ರಾತ್ರಿ ಅದು ಮೊದಲೇ ಕಡಿಮೆಯಾಗಿರುವುದರಿಂದ ಹನಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ನಿಮ್ಮ ಕಣ್ಣಿನ ಡಾಕ್ಟರು ಬೇರೆ ಬೇರೆ ಹೊತ್ತಿಗೆ ಬಂದು ಒತ್ತಡ ನೋಡಿಸಿಕೊಳ್ಳಿ ಅಂತ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ಕಾರಣ ಇದೆ.

ಟೌ ಜೀನ್ ಸಿಕ್ಕಿತು

ಮತ್ತೆ ಆ ಹ್ಯಾಮ್‌ಸ್ಟರ್‌ಗೆ ಬರೋಣ. ಟೌ ಯಾವ ಜೀನ್ ಅನ್ನುವುದು 2000ದವರೆಗೆ ಗೊತ್ತಿರಲಿಲ್ಲ. ಜೋಸೆಫ್ ತಕಾಹಾಶಿ ಅವರ ತಂಡ ಆ ವರ್ಷ ಅದನ್ನು ಹಿಡಿಯಿತು. ಕೇಸೀನ್ ಕೈನೇಸ್ 1 ಎಪ್ಸಿಲಾನ್ ಎಂಬ ಕಿಣ್ವದ ಜೀನ್. ಗಡಿಯಾರದ ಪಿಇಆರ್ ಎಂಬ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುವುದು ಈ ಕಿಣ್ವದ ಕೆಲಸ. ಪಿಇಆರ್ ಎಷ್ಟು ಹೊತ್ತು ಉಳಿಯುತ್ತದೆ, ಯಾವಾಗ ಕರಗುತ್ತದೆ ಅನ್ನುವುದು ಆ ಅಂಟಿಸುವಿಕೆಯ ಮೇಲೆ ನಿಂತಿದೆ. ದಿನದ ಉದ್ದ ಅದರ ಮೇಲೆ ನಿಂತಿದೆ. ಟೌ ಹ್ಯಾಮ್‌ಸ್ಟರ್‌ನಲ್ಲಿ ಈ ಕಿಣ್ವದ 178ನೇ ಜಾಗದಲ್ಲಿ ಆರ್ಜಿನೀನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಸಿಸ್ಟೀನ್ ಎಂಬ ಇನ್ನೊಂದು ಇತ್ತು. ಆದ ಬದಲಾವಣೆ ಅಷ್ಟೇ.

ಅದರ ಮರು ವರ್ಷವೇ ಅಮೆರಿಕದ ಒಂದು ಮನೆತನದಲ್ಲಿ ಇದರ ಜೋಡಿ ಸಿಕ್ಕಿತು. ಅವರಿಗೆ ಸಂಜೆ ಏಳೂವರೆಗೆಲ್ಲ ತಡೆಯಲಾಗದ ನಿದ್ದೆ, ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರ. ಮನೆಯಲ್ಲಿ ತಲೆಮಾರುಗಳಿಂದ ಹೀಗೇ. ಪಿಇಆರ್ ಬಳಗದ ಒಂದು ಪ್ರೋಟೀನ್ ಮಾಡುವ ಅವರ ಪಿಇಆರ್2 ಜೀನ್‌ನಲ್ಲಿ ಒಂದು ಬದಲಾವಣೆ ಇತ್ತು. ಬದಲಾದದ್ದು ಪ್ರೋಟೀನಿನ ಬೇರೆ ಯಾವುದೋ ಮೂಲೆ ಆಗಿರಲಿಲ್ಲ. ಹ್ಯಾಮ್‌ಸ್ಟರ್‌ನ ಆ ಕಿಣ್ವ ಬಂದು ಹಿಡಿದುಕೊಳ್ಳುವ ಜಾಗದಲ್ಲೇ ಅದು ಇತ್ತು.